ಮಡಿವಾಳ ಹಕ್ಕಿ ಇದೆ, ಮೊಲ ಎಲ್ಲಿ ಹೋಯಿತು? ಒಂದೇ ಪದವಿನ ಎರಡು ಜೀವಗಳ ಹೋಲಿಕೆ

ಪದವಿನಂಚು, ಮಂಗಳೂರು:

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ತುಂಬಾ ದಿನದಿಂದ ತಲೆಯಲ್ಲಿ ಉಂಟು. ನಮ್ಮ ಮನೆ ನೀರುಮಾರ್ಗದ ಕಡೆ, ಪದವಿನ ಅಂಚಿನಲ್ಲಿ. ಪದವು ಅಂದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡದ ಮೇಲಿನ ಹುಲ್ಲು ಬಯಲು. ಚಿಕ್ಕವನಿದ್ದಾಗ ಇಲ್ಲಿ ಎರಡು ಜೀವಗಳು ಕಾಯಂ. ಬೆಳಗ್ಗೆ ಮಡಿವಾಳ ಹಕ್ಕಿಯ ಹಾಡು, ಮುಸ್ಸಂಜೆಗೆ ಮುಳಿಹುಲ್ಲಿನ ನಡುವೆ ಮೊಲ. ಈಗ ಪದವು ಅರ್ಧಕ್ಕರ್ಧ ಲೇಔಟ್ ಆಗಿದೆ, ಉಳಿದ ಜಾಗದಲ್ಲಿ ಅಕೇಶಿಯಾ. ಮಡಿವಾಳ ಹಕ್ಕಿ ಎಲ್ಲಿಗೂ ಹೋಗಿಲ್ಲ. ನಮ್ಮ ನೀರಿನ ಟ್ಯಾಂಕ್ ಮೇಲೆ ಒಂದು, ಪಕ್ಕದ ಮನೆಯ ಡಿಶ್ ಮೇಲೆ ಇನ್ನೊಂದು ಕೂತು ಪೈಪೋಟಿಗೆ ಬಿದ್ದು ಹಾಡುತ್ತವೆ. ಮೊಲ ಮಾತ್ರ ಕಣ್ಣಿಗೆ ಬಿದ್ದು ಎಷ್ಟೋ ವರ್ಷ ಆಯಿತು.

ಎರಡೂ ಅದೇ ನೆಲದಲ್ಲಿ ಬದುಕಿದವು. ಒಂದಕ್ಕೆ ಪೇಟೆ ಒಗ್ಗಿತು, ಇನ್ನೊಂದಕ್ಕೆ ಯಾಕೆ ಒಗ್ಗಲಿಲ್ಲ? ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗಬಹುದು ಅನಿಸಿತು. ತಿಳಿದವರು ಹೇಳಿ.

ಹಕ್ಕಿಗಣ್ಣು, ಮಣಿಪಾಲ:

ಒಳ್ಳೆ ಪ್ರಶ್ನೆ ಮಾರಾಯ್ರೆ. ನಾನು ಹಕ್ಕಿಯ ಕಡೆಯಿಂದ ಹೇಳುತ್ತೇನೆ, ಮೊಲದ ಬಗ್ಗೆ ಬೇರೆಯವರು ಬರೆಯಲಿ.

ಮಡಿವಾಳ ಹಕ್ಕಿಯ ಉದ್ದ ಸುಮಾರು 19 ಸೆಂಟಿಮೀಟರ್, ಅದೂ ಬಾಲ ಸೇರಿ. ತೂಕ 30-40 ಗ್ರಾಂ. ಗಂಡಿನ ತಲೆ, ಬೆನ್ನು, ಎದೆ ನೀಲಿ ಮಿಂಚಿನ ಕಪ್ಪು. ಹೊಟ್ಟೆ ಬಿಳಿ, ರೆಕ್ಕೆಯಲ್ಲಿ ಉದ್ದಕ್ಕೆ ಒಂದು ಬಿಳಿ ಪಟ್ಟೆ. ಹೆಣ್ಣಿನಲ್ಲಿ ಕಪ್ಪಿನ ಜಾಗದಲ್ಲಿ ಬೂದು ಬಣ್ಣ. ಕಾಪ್ಸಿಕಸ್ ಸಾಲಾರಿಸ್ ಅಂತ ವೈಜ್ಞಾನಿಕ ಹೆಸರು, 1758ರಲ್ಲೇ ಲಿನೇಯಸ್ ಪಟ್ಟಿಯಲ್ಲಿ ಸೇರಿದೆ. ಬಾಂಗ್ಲಾದೇಶದ ರಾಷ್ಟ್ರಪಕ್ಷಿ ಇದೇ. ಅವರ ಹಳೇ ಎರಡು ಟಾಕಾ ನೋಟಿನಲ್ಲೂ ಇದರ ಚಿತ್ರ ಇತ್ತು.

ಇದಕ್ಕೆ ಬದುಕಲು ಜಾಸ್ತಿ ಏನೂ ಬೇಡ. ಹುಳಹುಪ್ಪಟೆ ಸಿಗುವ ಒಂದಿಷ್ಟು ನೆಲ ಬೇಕು. ಮೊಟ್ಟೆ ಇಡಲು ಒಂದು ಪೊಟರೆ ಬೇಕು. ಮರದ ಪೊಟರೆಯೇ ಆಗಬೇಕು ಅಂತ ಹಟ ಇಲ್ಲ. ಹಳೇ ಮುರಕಲ್ಲಿನ ಗೋಡೆಯ ಸಂದು, ಹೆಂಚಿನ ಮಾಡಿನ ಅಡಿ, ಖಾಲಿ ಪೈಪು, ನಾವು ಕಟ್ಟಿದ ಮರದ ಪೆಟ್ಟಿಗೆ, ಯಾವುದಾದರೂ ನಡೆಯುತ್ತದೆ. ಹಾಡಲು ಒಂದು ಎತ್ತರದ ಜಾಗ ಸಿಕ್ಕಿದರೆ ಮುಗಿಯಿತು. ಲೈಟು ಕಂಬ ಆದರೂ ಸರಿ. ನಮ್ಮ ಮಂಗಳೂರು, ಉಡುಪಿ ಪೇಟೆಗಳಲ್ಲಿ ಮನೆ ಸುತ್ತ ಇನ್ನೂ ನಾಲ್ಕು ತೆಂಗು, ಒಂದು ಹಲಸು, ತರಗೆಲೆ ಬಿದ್ದ ಹಿತ್ತಿಲು ಅಂತ ಇರುತ್ತದಲ್ಲ, ಅದರಲ್ಲೇ ಇದರ ಸಂಸಾರ ಸಾಗುತ್ತದೆ. ಅಕೇಶಿಯಾ ಬಂದರೂ ಇದಕ್ಕೆ ದೊಡ್ಡ ತೊಂದರೆ ಆಗಲಿಲ್ಲ.

ಹಾಡಿನ ಬಗ್ಗೆ ಬರೆಯದೆ ಬಿಡಲು ಮನಸ್ಸಾಗುವುದಿಲ್ಲ. ಶಿವರಾತ್ರಿ ಆಸುಪಾಸಿನಲ್ಲಿ ಗಂಡು ಜೋರಾಗುತ್ತದೆ. ಇನ್ನೂ ಕತ್ತಲೆ ಇರುವಾಗಲೇ ಮರದ ತುದಿಗೆ ಬಂದು ಕೂರುತ್ತದೆ. ಒಂದು ಸಾಲು ಹಾಡಿ ನಿಲ್ಲಿಸುತ್ತದೆ, ಬಾಲ ಎತ್ತಿ ಇಳಿಸುತ್ತದೆ, ಮತ್ತೆ ಇನ್ನೊಂದು ಸಾಲು. ಗಮನ ಇಟ್ಟು ಕೇಳಿ, ನಡುವೆ ಬೇರೆ ಹಕ್ಕಿಗಳ ದನಿಯ ನಕಲೂ ಬರುತ್ತದೆ. ನಮಗೆ ದನಿಪೆಟ್ಟಿಗೆ ಗಂಟಲಲ್ಲಿ. ಹಕ್ಕಿಗೆ ಅದು ಇರುವುದು ಎದೆಯೊಳಗೆ, ಶ್ವಾಸನಾಳ ಎರಡು ಕವಲಾಗುವ ಕಡೆ. ಸಿರಿಂಕ್ಸ್ ಅನ್ನುತ್ತಾರೆ. ಎರಡು ಕವಲಿನಿಂದ ಬೇರೆ ಬೇರೆ ಸ್ವರ ಹೊರಡಿಸುವ ಶಕ್ತಿ ಹಾಡುಹಕ್ಕಿಗಳಿಗೆ ಉಂಟು. ಮರಿಗಳು ಹಾಡನ್ನು ದೊಡ್ಡವರಿಂದ ಕೇಳಿಯೇ ಕಲಿಯಬೇಕು. ಮಳೆ ಹಿಡಿದು ಮರಿಗಳ ಕೆಲಸ ಮುಗಿದ ಮೇಲೆ ಅದೇ ಹಕ್ಕಿ ಸುಮ್ಮನಾಗುತ್ತದೆ. ಅಲ್ಲೇ ಇರುತ್ತದೆ, ಹಾಡುವುದಿಲ್ಲ ಅಷ್ಟೇ. ಆಗ ಒರಟಾಗಿ ಚರ್‍ರ್ ಅನ್ನುವ ಬೈಗುಳದ ದನಿ ಮಾತ್ರ ಕೇಳುತ್ತದೆ.

ಜೀವಶಾಸ್ತ್ರ ಟೀಚರ್, ಉಡುಪಿ:

ಮೊಲದ ಕಡೆಯಿಂದ ನಾನು ಬರೆಯುತ್ತೇನೆ. ಮೊದಲು ಒಂದು ವಿಷಯ. ಸಂತೆಯಲ್ಲಿ ಮಾರುವ ಬಿಳಿ ಮೊಲಕ್ಕೂ ನಮ್ಮ ಪದವಿನ ಕಾಡುಮೊಲಕ್ಕೂ ಹತ್ತಿರದ ನಂಟಿಲ್ಲ. ಸಾಕುಮೊಲದ ಮೂಲ ಯುರೋಪಿನ ಸ್ಪೇನ್, ಪೋರ್ಚುಗಲ್ ಕಡೆ. ಅದು ನೆಲ ಕೊರೆದು ಬಿಲದಲ್ಲಿ ಗುಂಪಾಗಿ ಬದುಕುವ ಜಾತಿ. ನಮ್ಮದು ಲೀಪಸ್ ನೈಗ್ರಿಕಾಲಿಸ್. ಬಿಲ ತೋಡುವುದೇ ಇಲ್ಲ, ಒಂಟಿಯಾಗಿ ಇರುತ್ತದೆ. ಕುತ್ತಿಗೆಯ ಹಿಂದೆ, ಕಿವಿಗಳ ಕೆಳಗೆ ಒಂದು ಕಪ್ಪು ಮಚ್ಚೆ ಇದೆ. ಬಾಲದ ಮೇಲ್ಭಾಗವೂ ಕಪ್ಪು. ಓಡುವಾಗ ಈ ಎರಡು ಗುರುತು ಚೆನ್ನಾಗಿ ಕಾಣುತ್ತದೆ. ಬೆಳೆದದ್ದು ಸಾಮಾನ್ಯವಾಗಿ ಎರಡು ಕಿಲೋ ಮೇಲೆಯೇ ತೂಗುತ್ತದೆ.

ಹಗಲು ಹುಲ್ಲಿನ ನಡುವೆ ಮೈಯ ಅಳತೆಗೆ ಸರಿಯಾಗಿ ಒತ್ತಿದ ತಗ್ಗಿನಲ್ಲಿ ಅಲುಗಾಡದೆ ಮಲಗಿರುತ್ತದೆ. ಬಿಸಿಲಿಗೆ ಒಣಗಿದ ಮುಳಿಹುಲ್ಲು, ಮುರಕಲ್ಲಿನ ಕಂದು, ಇವೆರಡರ ನಡುವಿನ ಬಣ್ಣ ಅದರ ಮೈಗೆ. ಹತ್ತಿರ ಹೋದರೂ ಕಾಣುವುದಿಲ್ಲ. ಕಾಲಿನ ಬುಡದಿಂದಲೇ ಛಂಗನೆ ಹಾರಿ ಓಡಿದಾಗ ಮಾತ್ರ ಗೊತ್ತಾಗುವುದು. ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಹಿಂದಿನಿಂದ ಬರುವವರೂ ಅದಕ್ಕೆ ಕಾಣುತ್ತಾರೆ. ಮೂಗಿನ ನೇರ ಮುಂದೆ ಇರುವುದೇ ಸರಿಯಾಗಿ ಕಾಣುವುದಿಲ್ಲ! ಉದ್ದ ಕಿವಿ ಕೇಳುವುದಕ್ಕೂ ಆಯಿತು, ಮೈಯ ಬಿಸಿ ಹೊರಗೆ ಬಿಡುವುದಕ್ಕೂ ಆಯಿತು. ಬಿಸಿಲಿಗೆ ಎದುರು ಹಿಡಿದರೆ ಒಳಗಿನ ರಕ್ತನಾಳಗಳು ಕಾಣುವಷ್ಟು ತೆಳು.

ತುಂಬಾ ಜನ ಮೊಲವನ್ನು ಇಲಿ, ಅಳಿಲುಗಳ ಪೈಕಿ ಅಂತ ತಿಳಿಯುತ್ತಾರೆ. ಹಿಂದೆ ವಿಜ್ಞಾನಿಗಳೂ ಹಾಗೇ ಸೇರಿಸಿದ್ದರು. ಮೊಲದ ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೆರಡು ಪುಟ್ಟ ಹಲ್ಲು ಅಡಗಿರುತ್ತವೆ, ಇಲಿಗಳಲ್ಲಿ ಅದಿಲ್ಲ. ಇಂತಹ ಕಾರಣಗಳಿಗೆ 1912ರಲ್ಲಿ ಗಿಡ್ಲಿ ಎಂಬ ವಿಜ್ಞಾನಿ ಮೊಲಗಳನ್ನು ಬೇರೆಯೇ ಗಣ ಅಂತ ವಿಂಗಡಿಸಿದರು. ಇನ್ನೊಂದು ವಿಚಾರ ಮಕ್ಕಳಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ, ಆದರೆ ಮರೆಯುವುದಿಲ್ಲ. ಹುಲ್ಲು ಸುಲಭಕ್ಕೆ ಕರಗುವ ಆಹಾರ ಅಲ್ಲ. ಹಾಗಾಗಿ ಮೊಲ ಒಂದು ಬಗೆಯ ಮೆತ್ತನೆಯ ಹಿಕ್ಕೆ ಹಾಕಿ ಅದನ್ನು ತಾನೇ ತಿನ್ನುತ್ತದೆ. ಎರಡನೇ ಸುತ್ತಿನಲ್ಲಿ ಸತ್ವ ಪೂರ್ತಿ ಹೀರಿ, ಒಣ ಉಂಡೆ ಹೊರಗೆ ಬಿಡುತ್ತದೆ. ದನ ಮೆಲುಕು ಹಾಕಿ ಮಾಡುವ ಕೆಲಸವನ್ನು ಇದು ಈ ದಾರಿಯಲ್ಲಿ ಮಾಡುತ್ತದೆ.

ಈಗ ಪದವಿನಂಚು ಅವರ ಪ್ರಶ್ನೆಗೆ ಬರುತ್ತೇನೆ. ಹಕ್ಕಿಗೆ ಬೇಕಾದ್ದು ಚೂರು ಚೂರಾಗಿ ಸಿಕ್ಕಿದರೂ ಸಾಕು. ಇಲ್ಲೊಂದು ಮರ, ಅಲ್ಲೊಂದು ಹಿತ್ತಿಲು, ನಡುವೆ ಹಾರಿಕೊಂಡು ಹೋಗುತ್ತದೆ. ಮೊಲಕ್ಕೆ ಮೇಯಲು, ಅಡಗಲು, ಓಡಲು ಎಲ್ಲವೂ ನೆಲದ ಮೇಲೆಯೇ, ಒಂದಕ್ಕೊಂದು ಕೂಡಿಕೊಂಡೇ ಸಿಗಬೇಕು. ನಾವು ಲೇಔಟ್ ಮಾಡುವಾಗ ಮೊದಲು ಕಟ್ಟುವುದು ಕಾಂಪೌಂಡ್ ಅಲ್ವಾ? ಮನೆ ಏಳುವುದಕ್ಕೆ ಎಷ್ಟೋ ಮೊದಲೇ ನಾಲ್ಕು ಸಾಲು ಮುರಕಲ್ಲು ಏಳುತ್ತದೆ. ಮಡಿವಾಳ ಹಕ್ಕಿಗೆ ಅದು ಕೂರುವ ಜಾಗ. ಮೊಲಕ್ಕೆ ಅಲ್ಲಿಗೆ ದಾರಿ ಮುಗಿಯಿತು.

ಗದ್ದೆಬದಿ, ಕುಂದಾಪುರ:

ಟೀಚರೇ, ನೀವು ಹೇಳಿದ್ದು ಸರಿ. ಆದರೆ ಮೊಲ ಇಲ್ಲವೇ ಇಲ್ಲ ಅನ್ನಬೇಡಿ. ನಮ್ಮಲ್ಲಿ ಸುಗ್ಗಿ ಬೆಳೆ ತೆಗೆದ ಮೇಲೆ ಅಲಸಂಡೆ, ನೆಲಗಡಲೆ ಹಾಕುತ್ತೇವೆ. ಚಿಗುರು ಬಂದ ವಾರದಲ್ಲೇ ಮೊಲದ ಹಾಜರಿ. ಒಂದು ಸಾಲು ಪೂರ್ತಿ ಓರೆಯಾಗಿ, ಕತ್ತಿಯಲ್ಲಿ ಕೊಯ್ದಷ್ಟು ನೀಟಾಗಿ ಕತ್ತರಿಸಿ ಹೋಗಿರುತ್ತದೆ. ದನ ತಿಂದರೆ ಎಳೆದು ಹರಿದ ಹಾಗೆ ಇರುತ್ತದೆ, ಇದು ಹಾಗಲ್ಲ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಮೊಲದ ಮೇಲೆ ನನಗೆ ಸಿಟ್ಟೇನೂ ಇಲ್ಲ. ಹಂದಿ, ಮಂಗ, ನವಿಲು ಮಾಡುವ ನಷ್ಟದ ಮುಂದೆ ಇದು ಲೆಕ್ಕಕ್ಕಿಲ್ಲ. ಹೊಲದ ಸುತ್ತ ಹಳೇ ಮೀನಿನ ಬಲೆ ಕಟ್ಟಿದರೆ ಸಾಕು, ಬರುವುದಿಲ್ಲ. ಮಡಿವಾಳ ಹಕ್ಕಿ ಹುಳ ತಿಂದು ಉಪಕಾರ ಮಾಡುತ್ತದೆ, ಮೊಲ ಚಿಗುರು ತಿನ್ನುತ್ತದೆ ಅಂತ ಒಂದನ್ನು ಒಳ್ಳೆಯದು, ಇನ್ನೊಂದನ್ನು ಕೆಟ್ಟದ್ದು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಬೇಜಾರಿನ ವಿಷಯ ಬೇರೆ ಉಂಟು. ಉರುಳು ಹಾಕುವವರು ಇದ್ದಾರೆ. ಮೊಲಕ್ಕೆ ಅಂತ ಹಾಕಿದ ತಂತಿಗೆ ಮುಂಗುಸಿ, ಕಾಡುಬೆಕ್ಕು, ನಮ್ಮದೇ ನಾಯಿ, ಎಲ್ಲ ಸಿಕ್ಕಿಬೀಳುತ್ತವೆ. ಹಿಡಿಯುವುದೂ ಕೊಲ್ಲುವುದೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂತ ಎಷ್ಟು ಸಲ ಹೇಳಿದರೂ, "ಮೊಲ ತಾನೇ" ಅನ್ನುತ್ತಾರೆ.

ಹಕ್ಕಿಗಣ್ಣು, ಮಣಿಪಾಲ:

ಅಣ್ಣ, ಅದೇ ಕಾಯ್ದೆ ಮಡಿವಾಳ ಹಕ್ಕಿಗೂ ಅನ್ವಯ. ಹಾಡು ಚೆನ್ನಾಗಿದೆ ಅಂತ ಪಂಜರದಲ್ಲಿ ಇಡುವ ಹಾಗಿಲ್ಲ. ಇಂಡೋನೇಷ್ಯಾದಲ್ಲಿ ಹಾಡಿನ ಸ್ಪರ್ಧೆಗೆ, ಮನೆಯಲ್ಲಿ ಸಾಕುವುದಕ್ಕೆ ಅಂತ ಇವನ್ನು ಹಿಡಿದು ಹಿಡಿದು ಎಷ್ಟೋ ಕಡೆ ಖಾಲಿ ಮಾಡಿದ್ದಾರೆ. ನಮ್ಮಲ್ಲಿ ಆ ಚಟ ಇಲ್ಲದ್ದು ದೊಡ್ಡ ಪುಣ್ಯ.

ಹೊಸಬಿ, ಸುರತ್ಕಲ್:

ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಹುಲ್ಲು ಕೊಯ್ಯುವಾಗ ಒಂದು ಮೊಲದ ಮರಿ ಸಿಕ್ಕಿದೆ. ಅಂಗೈಯಷ್ಟು ಇದೆ. ಕಣ್ಣು ಬಿಟ್ಟಿದೆ, ಮೈತುಂಬಾ ಕೂದಲು. ತಾಯಿ ಎಲ್ಲೂ ಕಾಣುತ್ತಿಲ್ಲ. ಮಕ್ಕಳು ಸಾಕೋಣ ಅಂತಿದ್ದಾರೆ. ಹಾಲು ಕೊಡಬಹುದಾ?

ಜೀವಶಾಸ್ತ್ರ ಟೀಚರ್, ಉಡುಪಿ:

ದಯವಿಟ್ಟು ಹಾಲು ಕೊಡಬೇಡಿ ಅಮ್ಮ. ದನದ ಹಾಲಿಗೆ ಅದರ ಹೊಟ್ಟೆ ಕೆಟ್ಟು ಸಾಯುತ್ತದೆ. ಮರಿ ಸಿಕ್ಕಿದ ಜಾಗದಲ್ಲೇ, ಸ್ವಲ್ಪ ಹುಲ್ಲು ಉಳಿದ ಕಡೆ, ಈಗಲೇ ಇಟ್ಟುಬಿಡಿ. ಉಳಿದ ಹುಲ್ಲು ಕೊಯ್ಯುವುದನ್ನು ಎರಡು ಮೂರು ವಾರ ಮುಂದೂಡಲು ಆಗುತ್ತದಾ ಕೇಳಿ. ನಾಯಿ ಕಟ್ಟಿಹಾಕಿ. ಮಕ್ಕಳನ್ನು ದೂರ ಕರೆದುಕೊಂಡು ಹೋಗಿ.

ಅದು ಅನಾಥ ಅಲ್ಲ. ಮೊಲದ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈಗೆ ಕೂದಲಿರುತ್ತದೆ, ಸ್ವಲ್ಪ ಹೊತ್ತಿಗೇ ಓಡಾಡುತ್ತದೆ. ಒಂದು ಸಲಕ್ಕೆ ಹುಟ್ಟುವುದೂ ಒಂದೋ ಎರಡೋ ಮೂರೋ. ಅವು ಬೇರೆ ಬೇರೆ ಕಡೆ ಹುಲ್ಲಿನಲ್ಲಿ ಕದಲದೆ ಕೂರುತ್ತವೆ. ತಾಯಿ ಬೇಕೆಂದೇ ದೂರ ಇರುತ್ತಾಳೆ. ಅವಳು ಹತ್ತಿರ ಇದ್ದರೆ ಅವಳ ವಾಸನೆ ಹಿಡಿದು ನರಿಯೋ ನಾಯಿಯೋ ಬರುತ್ತದೆ. ಕತ್ತಲಾದ ಮೇಲೆ ಬಂದು, ಹಾಲೂಡಿಸಿ, ಹೋಗಿಬಿಡುತ್ತಾಳೆ. ದಿನದಲ್ಲಿ ಆ ಹೊತ್ತು ಬಿಟ್ಟರೆ ಮರಿ ಒಂಟಿ. ಗಾಯ ಆಗಿದ್ದರೆ ಮಾತ್ರ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಮಡಿವಾಳ ಹಕ್ಕಿಯಲ್ಲಿ ಇದು ಪೂರ್ತಿ ತಿರುಗಾಮುರುಗಾ. ನಾಲ್ಕೈದು ಮೊಟ್ಟೆ. ಕಾವು ಕೂರುವುದು ಹೆಣ್ಣು ಮಾತ್ರ, ಎರಡು ವಾರದ ಒಳಗೆ ಮರಿ ಹೊರಗೆ. ಬಂದಾಗ ಕಣ್ಣಿಲ್ಲ, ಗರಿಯಿಲ್ಲ, ಗುಲಾಬಿ ಬಣ್ಣದ ಬಾಯಿ ತೆರೆದ ಮಾಂಸದ ಮುದ್ದೆ. ಅಪ್ಪ ಅಮ್ಮ ಬೆಳಗಿನಿಂದ ಸಂಜೆವರೆಗೆ ಹುಳ ತಂದು ತುರುಕುತ್ತಾ ಇರಬೇಕು. ಪೊಟರೆ ಭದ್ರ ಇರುವುದಕ್ಕೇ ಅಷ್ಟು ಅಸಹಾಯಕ ಮರಿ ಬದುಕುವುದು. ಮೊಲಕ್ಕೆ ಗೋಡೆಯೂ ಇಲ್ಲ, ಮಾಡೂ ಇಲ್ಲ. ಬಯಲಲ್ಲೇ ಹೆರಬೇಕು. ಹಾಗಾಗಿ ಅದು ನಲವತ್ತು ದಿನಕ್ಕೂ ಹೆಚ್ಚು ಹೊಟ್ಟೆಯೊಳಗೇ ಇಟ್ಟುಕೊಂಡು, ತಯಾರಾದ ಮರಿಯನ್ನೇ ಹೊರಗೆ ಬಿಡುತ್ತದೆ. ಬಿಲದಲ್ಲಿ ಹೆರುವ ಸಾಕುಮೊಲಕ್ಕೆ ಒಂದು ತಿಂಗಳಷ್ಟೇ, ಅದರ ಮರಿ ಕುರುಡು, ಬೋಳು. ಎರಡು ಮೊಲಗಳಲ್ಲಿ ಬಿಲ ಇರುವುದು, ಇಲ್ಲದ್ದು ಎಷ್ಟು ವ್ಯತ್ಯಾಸ ಮಾಡಿದೆ ನೋಡಿ. ಈ ಹೋಲಿಕೆಯಲ್ಲಿ ನನಗೆ ಅತ್ಯಂತ ಇಷ್ಟದ ಭಾಗ ಇದೇ.

ಹೊಸಬಿ, ಸುರತ್ಕಲ್:

ಅಲ್ಲೇ ಇಟ್ಟೆವು ಟೀಚರ್. ಹುಲ್ಲು ಕೊಯ್ಯುವವರೂ ಒಪ್ಪಿದರು. ಹಕ್ಕಿ ಮರಿ ನೆಲದಲ್ಲಿ ಸಿಕ್ಕಿದರೂ ಹೀಗೇ ಮಾಡಬೇಕಾ?

ಹಕ್ಕಿಗಣ್ಣು, ಮಣಿಪಾಲ:

ಗರಿ ಬಂದಿದ್ದು, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ಬೆಕ್ಕು ಬರದ ಹಾಗೆ ಹತ್ತಿರದ ಪೊದೆಯ ಮೇಲೆ ಇಟ್ಟರೆ ಸಾಕು, ತಾಯಿ ತಂದೆ ಅಲ್ಲಿಗೇ ಬಂದು ಗುಟುಕು ಕೊಡುತ್ತವೆ. ಗರಿ ಇಲ್ಲದ ಮರಿ ಆದರೆ ಗೂಡು ಹುಡುಕಿ ಒಳಗೆ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ನಿಜ ಅಲ್ಲ.

ಕೊನೇ ಟ್ರಿಪ್, ಕಾರ್ಕಳ:

ನಾನು ಡ್ರೈವರ್. ಮಂಗಳೂರು, ಮೂಡುಬಿದಿರೆ, ಕಾರ್ಕಳ ರೂಟಿನಲ್ಲಿ ರಾತ್ರಿ ಗಾಡಿ ಓಡಿಸುತ್ತೇನೆ. ಮೊಲ ಈಗಲೂ ಸಿಗುತ್ತದೆ, ಮೊದಲಿನಷ್ಟಲ್ಲ. ಹೆಡ್‌ಲೈಟ್ ಬಿದ್ದ ಕೂಡಲೇ ಅದಕ್ಕೆ ದಿಕ್ಕು ತಪ್ಪುತ್ತದೆ. ಬದಿಗೆ ಹಾರುವುದು ಬಿಟ್ಟು ಬೆಳಕಿನ ಒಳಗೇ ನೇರ ಓಡುತ್ತಾ ಹೋಗುತ್ತದೆ, ನಡುನಡುವೆ ಅಡ್ಡ ತಿರುಗುತ್ತದೆ. ನರಿ ಅಟ್ಟಿಸಿದಾಗ ಹಾಗೆ ತಿರುಗಿ ತಿರುಗಿ ಬಚಾವಾಗುತ್ತದೆ, ಗಾಡಿ ಎದುರು ಅದು ನಡೆಯುವುದಿಲ್ಲ. ನಾನು ಡಿಮ್ ಮಾಡಿ, ನಿಧಾನಕ್ಕೆ ನಿಲ್ಲಿಸುತ್ತೇನೆ. ಹಿಂದೆ ಗಾಡಿ ಇಲ್ಲ ಅಂತ ನೋಡಿಕೊಂಡು ಮಾತ್ರ. ಒಂದೆರಡು ಉಸಿರು ಬಿಡುವಷ್ಟರಲ್ಲಿ ಪೊದೆಗೆ ಹೋಗಿರುತ್ತದೆ. ಎಲ್ಲ ಡ್ರೈವರುಗಳೂ ಇಷ್ಟು ಮಾಡಬಹುದು.

ಹಕ್ಕಿಗಣ್ಣು, ಮಣಿಪಾಲ:

ಡ್ರೈವರಣ್ಣನ ಮಾತು ಓದಿ ಒಂದು ವಿಚಾರ ಹೊಳೆಯಿತು. ಮೊಲ ಕಡಿಮೆಯಾಗಿದೆ ಅಂತ ನಾವೆಲ್ಲ ಹೇಳುತ್ತೇವೆ. ಲೆಕ್ಕ ಎಲ್ಲಿದೆ? ಮಡಿವಾಳ ಹಕ್ಕಿಗೆ ಲೆಕ್ಕ ಇದೆ. ಹಕ್ಕಿ ನೋಡಿದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ, ನಮ್ಮ ಮಣ್ಣಪಳ್ಳ ಕೆರೆಯ ಸುತ್ತ ಒಂದು ವಾಕ್ ಹೋದವರೂ ಅದನ್ನು ಬರೆದಿಡುತ್ತಾರೆ. ಪ್ರತಿ ಫೆಬ್ರವರಿಯ ಹಿತ್ತಿಲ ಹಕ್ಕಿ ಎಣಿಕೆಯಲ್ಲಿ ಶಾಲೆ ಮಕ್ಕಳೂ ಬರೆಯುತ್ತಾರೆ. ಈಗಂತೂ ಹಾಡು ಕೇಳಿಸಿದರೆ ಮೊಬೈಲೇ ಹೆಸರು ಹೇಳುತ್ತದೆ. ಮೊಲ ಬಾಯಿ ಬಿಡುವುದಿಲ್ಲ. ಹಿಡಿದಾಗ, ಗಾಯವಾದಾಗ ಮಾತ್ರ ಕಿರುಚುವ ಪ್ರಾಣಿ ಅದು. ಹಕ್ಕಿ ಬದುಕುವುದೇ ದನಿ ಕೇಳಿಸಿ, ತನ್ನ ಜಾಗ ಇದು ಅಂತ ಸಾರಿ. ಮೊಲ ಬದುಕುವುದೇ ಯಾರಿಗೂ ಗೊತ್ತಾಗದ ಹಾಗೆ. ಹಾಗಾಗಿ ಹಕ್ಕಿ ಕಡಿಮೆಯಾದರೆ ನಮಗೆ ತಿಳಿಯುತ್ತದೆ. ಮೊಲ ಒಂದು ಪದವಿನಿಂದ ಪೂರ್ತಿ ಹೋದರೂ ತಿಳಿಯುವುದಿಲ್ಲ.

ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿ ಎರಡೂ ಸದ್ಯಕ್ಕೆ ಅಪಾಯ ಇಲ್ಲದ ಜಾತಿಗಳ ಸಾಲಿನಲ್ಲೇ ಇವೆ. ಅದು ಅವು ಬದುಕುವ ಎಲ್ಲ ಪ್ರದೇಶ ಸೇರಿಸಿದ ಮಾತು. ನಮ್ಮ ನೀರುಮಾರ್ಗದ, ನಮ್ಮ ಮಣಿಪಾಲ ಗುಡ್ಡದ ಮಾತು ಅದರಲ್ಲಿ ಬರುವುದಿಲ್ಲ.

ಗದ್ದೆಬದಿ, ಕುಂದಾಪುರ:

ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವ ನಾನಲ್ಲ, ಆದರೆ ಒಂದು ಮಾತು ಸೇರಿಸಬೇಕು. ಎಲ್ಲರೂ ಮನೆ, ಲೇಔಟ್ ಅಂತ ಬೈಯುತ್ತೀರಿ. ನಮ್ಮ ಕಡೆ ಮನೆ ಬಂದದ್ದು ಆಮೇಲೆ. ಮುಳಿಹುಲ್ಲಿಗೆ ಬೇಡಿಕೆ ಹೋದದ್ದು ಮೊದಲು. ಹಿಂದೆ ಮಾಡಿಗೆ ಹೊದೆಸಲು, ಹಟ್ಟಿಗೆ ಹಾಸಲು ವರ್ಷ ವರ್ಷ ಹುಲ್ಲು ಕೊಯ್ಯುತ್ತಿದ್ದರು. ದನ ಮೇಯುತ್ತಿದ್ದವು. ಬಯಲು ಬಯಲಾಗಿಯೇ ಇತ್ತು. ಹೆಂಚು ಬಂತು, ಮತ್ತೆ ಸ್ಲ್ಯಾಬ್ ಬಂತು, ದನ ಕಡಿಮೆ ಆಯಿತು. ಬೋಳು ಗುಡ್ಡ ಅಂತ 1980ರ ನಂತರ ಅಕೇಶಿಯಾ ನೆಟ್ಟರು. ಅದರ ಅಡಿಯಲ್ಲಿ ನಡೆದು ನೋಡಿ. ಒಣ ಎಲೆ ಗೇಣುದ್ದ ಬಿದ್ದಿರುತ್ತದೆ, ಒಂದು ಗರಿಕೆ ಇಲ್ಲ. ಮೊಲ ಅಲ್ಲಿ ಏನು ತಿನ್ನಬೇಕು?

ಜೀವಶಾಸ್ತ್ರ ಟೀಚರ್, ಉಡುಪಿ:

ಇದು ತುಂಬಾ ಮುಖ್ಯವಾದ ಮಾತು. ನಮ್ಮ ಪದವುಗಳನ್ನು ಸರಕಾರಿ ಕಾಗದದಲ್ಲಿ ಪಾಳು ಜಾಗ ಅಂತ ಬರೆಯುತ್ತಾರೆ. ಮರ ಇಲ್ಲದ ಜಾಗ ಖಾಲಿ ಜಾಗ ಅನ್ನುವ ಯೋಚನೆ ಎಲ್ಲರಲ್ಲೂ ಇದೆ, ಹಸಿರು ಬೇಕು ಅನ್ನುವವರಲ್ಲೂ ಇದೆ. ಮಳೆಗಾಲದಲ್ಲಿ ಅಲ್ಲಿ ಮುರಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಹುಲ್ಲು ಮೊಣಕಾಲುದ್ದ ಬೆಳೆದು, ನಡುವೆ ಸಣ್ಣ ಸಣ್ಣ ಹೂವು. ಮೊಲ ವರ್ಷವಿಡೀ ಮರಿ ಹಾಕಬಹುದು, ಮಳೆಗಾಲದಲ್ಲಿ ಜಾಸ್ತಿ. ಕಾರಣ ಅದೇ ಹುಲ್ಲು. ಆ ಜಾಗಕ್ಕೆ ಗಿಡ ನೆಡುವ ಕಾರ್ಯಕ್ರಮ ಇಟ್ಟರೆ ಹಕ್ಕಿಗೆ ಒಂದು ಕೊಂಬೆ ಹೆಚ್ಚು ಸಿಗುತ್ತದೆ, ಮೊಲದ ಹುಲ್ಲು ಹೋಗುತ್ತದೆ. ಗಿಡ ನೆಡಿ, ರಸ್ತೆ ಬದಿಯಲ್ಲಿ, ಶಾಲೆಯ ಸುತ್ತ ನೆಡಿ. ಪದವುಗಳನ್ನು ಪದವುಗಳಾಗಿಯೇ ಬಿಡಿ.

ಪದವಿನಂಚು, ಮಂಗಳೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮಲ್ಲಿ ಗುಡ್ಡದ ಆಚೆ ಬದಿಗೆ ಇನ್ನೂ ಸ್ವಲ್ಪ ಹುಲ್ಲುಗಾವಲು ಉಳಿದಿದೆ. ಮೊಲ ಅಲ್ಲಿ ಉಂಟೋ ಇಲ್ಲವೋ ಅಂತ ರಾತ್ರಿ ಕಾಯದೆ ತಿಳಿಯುವ ದಾರಿ ಇದೆಯಾ?

ಜೀವಶಾಸ್ತ್ರ ಟೀಚರ್, ಉಡುಪಿ:

ಇದೆ. ಹಗಲಲ್ಲೇ ಹೋಗಿ. ಮೊದಲು ಹಿಕ್ಕೆ ನೋಡಿ. ಉರುಟು, ಸ್ವಲ್ಪ ಚಪ್ಪಟೆ, ಒಣಗಿದ ಮೇಲೆ ತಿಳಿ ಕಂದು. ಬೆರಳಲ್ಲಿ ಒತ್ತಿದರೆ ಒಳಗೆ ಬರೀ ನಾರು, ವಾಸನೆ ಇಲ್ಲ. ಆಡಿನದು ಗಟ್ಟಿ, ಕಪ್ಪು, ಉದ್ದುದ್ದ. ಬೇರೆ ಮಾಡಿ ಗುರುತಿಸುವುದು ಸುಲಭ. ಮೊದಲ ಮಳೆ ಬಿದ್ದ ಮರುದಿನ ಮಣ್ಣಿನ ದಾರಿಯಲ್ಲಿ ಹೆಜ್ಜೆ ಸಿಗಬಹುದು. ಮುಂಗಾಲು ಎರಡು ಒಂದರ ಹಿಂದೆ ಒಂದು ಬಿದ್ದಿರುತ್ತವೆ, ಹಿಂಗಾಲು ಎರಡು ಅವುಗಳನ್ನು ದಾಟಿ ಮುಂದೆ, ಅಕ್ಕಪಕ್ಕ. ಓಡುವಾಗ ಹಿಂಗಾಲು ಮುಂದೆ ಬಂದು ಬೀಳುವುದರಿಂದ ಹಾಗೆ. ಸಿಕ್ಕಿದ್ದನ್ನು ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು. ಜೀವಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿ. ಸಿಗದಿದ್ದರೂ ಹೋದ ದಿನ, ಜಾಗ ಬರೆದಿಡಿ. ಅದೂ ಮಾಹಿತಿಯೇ.

ಹಕ್ಕಿಗಣ್ಣು, ಮಣಿಪಾಲ:

ಇಲ್ಲಿನ ಗುಡ್ಡದಲ್ಲಿ ನಾನೂ ಮಾಡುತ್ತೇನೆ. ಹಕ್ಕಿ ಪಟ್ಟಿ ಬರೆಯುವಾಗಲೇ ಕೊನೆಯಲ್ಲಿ ಮೊಲದ ಹಿಕ್ಕೆ ಇತ್ತಾ ಇಲ್ಲವಾ ಅಂತ ಒಂದು ಸಾಲು ಸೇರಿಸಿದರೆ ಆಯಿತು.

ಗದ್ದೆಬದಿ, ಕುಂದಾಪುರ:

ನಮ್ಮ ಅಲಸಂಡೆ ಸಾಲಿನ ಫೋಟೋ ನಾಳೆ ಹಾಕುತ್ತೇನೆ. ಯಾರಿಗಾದರೂ ನೋಡಬೇಕಿದ್ದರೆ ಬನ್ನಿ. ಕತ್ತಲಾದ ಮೇಲೆ ಏಳೂವರೆ ನಂತರ ಬನ್ನಿ, ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿಕೊಳ್ಳಿ, ನಾಯಿ ಕರೆತರಬೇಡಿ.